ದೀಪದ ಹುಳುವಿಗೆ ದೀಪದ ಮೇಲೆ ಆಸೆಯೇ?

ಮಕ್ಕಳೇ,

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ನಿಮ್ಮ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ನಮ್ಮ ಕಡೂರು ಸೀಮೆಯಲ್ಲಿ ಮಳೆ ಕಡಿಮೆ. ಜಿಲ್ಲೆ ಮಲೆನಾಡಿನದಾದರೂ ನಮ್ಮದು ಬಯಲುಸೀಮೆ. ಹಾಗಾಗಿ ಮೊದಲ ಮಳೆ ಎಂದರೆ ಎಲ್ಲರಿಗೂ ಹಬ್ಬ. ನೆಲದ ವಾಸನೆ ಏಳುತ್ತದೆ. ಕತ್ತಲಾಗುತ್ತಿದ್ದಂತೆ ಹುತ್ತದಿಂದ ರೆಕ್ಕೆ ಬಂದ ಗೆದ್ದಲುಗಳು ಸಾವಿರಗಟ್ಟಲೆ ಹೊರಬೀಳುತ್ತವೆ. ಮನೆಯೊಳಗಿನ ದೀಪದ ಸುತ್ತ ಸುತ್ತಿ ಸುತ್ತಿ ಕೆಳಗೆ ಬೀಳುತ್ತವೆ. ಅಮ್ಮ ಬೇಗ ಬೇಗ ದೀಪ ಆರಿಸಿ ಬಾಗಿಲು ಹಾಕುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದ ತುಂಬ ರೆಕ್ಕೆಗಳ ರಾಶಿ.

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿ ಶಾಲೆಯಲ್ಲಿ ಈ ವಿಷಯ ಮಾತನಾಡುತ್ತಿದ್ದಾಗ ಐದನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸಾರ್, ಅಲ್ಲಿ ಹೋದರೆ ಸಾಯ್ತೀವಿ ಅಂತ ಹುಳಕ್ಕೆ ಗೊತ್ತಾಗಲ್ವಾ? ಮುಂದಿನದು ಸತ್ತಿದ್ದನ್ನ ನೋಡಿನೂ ಹಿಂದಿನದು ಯಾಕೆ ಬರುತ್ತೆ?"

ನಾನು ತಕ್ಷಣ ಉತ್ತರ ಕೊಟ್ಟೆ. "ಹುಳುಗಳಿಗೆ ಬೆಳಕು ಎಂದರೆ ಆಕರ್ಷಣೆ" ಎಂದೆ. ಆಕೆ ಕುಳಿತುಕೊಂಡಳು. ಆದರೆ ಬಸ್ಸಿನಲ್ಲಿ ಮನೆಗೆ ಮರಳುವಾಗ ಯೋಚಿಸಿದೆ. ನಾನು ಕೊಟ್ಟದ್ದು ಉತ್ತರವೇ ಅಲ್ಲ. ಆಕೆ "ಯಾಕೆ ಬರುತ್ತದೆ" ಎಂದು ಕೇಳಿದಳು. ನಾನು "ಬರುತ್ತದೆ" ಎನ್ನುವುದನ್ನೇ ದೊಡ್ಡ ಪದದಲ್ಲಿ ಹೇಳಿದ್ದೆ. ಈ ಲೇಖನ ಆ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರ. ಉತ್ತರಕ್ಕೆ ಹೋಗುವ ಮುನ್ನ ನಾವು ಕೆಲವು ಹುಳುಗಳನ್ನು ಹತ್ತಿರದಿಂದ ನೋಡಬೇಕು.

ಕಲಿತದ್ದೋ, ಹುಟ್ಟಿನಿಂದ ಬಂದದ್ದೋ?

ಕಾದ ಹೆಂಚಿಗೆ ಕೈ ತಾಗಿದರೆ ನೀವು ಯೋಚಿಸಿ ಕೈ ತೆಗೆಯುತ್ತೀರಾ? ಇಲ್ಲ. ಬಿಸಿ ತಾಗಿದ ಕ್ಷಣವೇ ಕೈ ಹಿಂದೆ ಬರುತ್ತದೆ. ಇಲ್ಲಿ ಬಿಸಿ ಎಂಬುದು ಪ್ರಚೋದನೆ. ಕೈ ಹಿಂದಕ್ಕೆ ಬಂದದ್ದು ಪ್ರತಿಕ್ರಿಯೆ. ಇದನ್ನು ಯಾರೂ ನಿಮಗೆ ಕಲಿಸಲಿಲ್ಲ. ಆದರೆ ಸೈಕಲ್ ತುಳಿಯುವುದನ್ನು ನೀವು ಕಲಿತಿರಿ. ಬಿದ್ದು, ಮೊಣಕಾಲು ತರಚಿಕೊಂಡು ಕಲಿತಿರಿ.

ಕಲಿಯದೆ, ನೋಡದೆ, ಮೊದಲ ಸಲವೇ ಸರಿಯಾಗಿ ಮಾಡುವ ಕೆಲಸಕ್ಕೆ ಜನ್ಮಜಾತ ವರ್ತನೆ ಅಥವಾ ಹುಟ್ಟರಿವು ಎನ್ನುತ್ತಾರೆ. ಇದನ್ನು ಗುರುತಿಸುವುದು ಹೇಗೆ? ಮೂರು ಗುರುತುಗಳಿವೆ. ಒಂದು, ಆ ಜಾತಿಯ ಎಲ್ಲ ಜೀವಿಗಳೂ ಅದನ್ನು ಹೆಚ್ಚುಕಡಿಮೆ ಒಂದೇ ರೀತಿ ಮಾಡುತ್ತವೆ. ಎರಡು, ಮೊದಲ ಸಲವೇ ಪೂರ್ತಿಯಾಗಿ ಮಾಡುತ್ತವೆ. ಮೂರು, ಹೇಳಿಕೊಡುವವರು ಯಾರೂ ಇರುವುದಿಲ್ಲ.

ಹುಳುಗಳಲ್ಲಿ ಮೂರನೆಯ ಗುರುತು ತುಂಬ ಸ್ಪಷ್ಟ. ನಿಮ್ಮ ಹಿತ್ತಲಿನ ಕರಿಬೇವಿನ ಗಿಡವನ್ನು ನೋಡಿ. ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಒಂದು ಪುಟ್ಟ ಕಂಬಳಿಹುಳು ಸಿಗಬಹುದು. ದೊಡ್ಡದಾದಾಗ ಅದು ಹಸಿರಾಗುತ್ತದೆ. ಅದರ ತಾಯಿ ಚಿಟ್ಟೆ ಮೊಟ್ಟೆ ಇಟ್ಟು ಹಾರಿಹೋಗಿದೆ. ಮರಿ ತಾಯಿಯ ಮುಖವನ್ನೇ ನೋಡಿಲ್ಲ. ಒಂದು ಒಣ ಹುಲ್ಲುಕಡ್ಡಿಯಿಂದ ಆ ಹಸಿರು ಹುಳುವಿನ ತಲೆಯ ಹಿಂಭಾಗವನ್ನು ಮೆಲ್ಲಗೆ ಮುಟ್ಟಿ. ತಲೆಯ ಹಿಂದಿನಿಂದ ಕೆಂಪು ಇಲ್ಲವೆ ಕಿತ್ತಳೆ ಬಣ್ಣದ, ಕವಲೊಡೆದ ಕೊಂಬಿನಂಥ ಅಂಗ ಹೊರಬರುತ್ತದೆ. ಜೊತೆಗೆ ಒಂದು ಕಟುವಾದ ವಾಸನೆ. ಇರುವೆಯಂಥ ಶತ್ರುಗಳನ್ನು ಓಡಿಸಲು ಇದು ಹುಳುವಿನ ಉಪಾಯ. ಸ್ವಲ್ಪ ಹೊತ್ತಿನಲ್ಲಿ ಕೊಂಬು ಒಳಗೆ ಹೋಗುತ್ತದೆ. ಮುಟ್ಟುವಿಕೆ ಪ್ರಚೋದನೆ, ಕೊಂಬು ಪ್ರತಿಕ್ರಿಯೆ. ಒಂದೆರಡು ಸಲ ಮುಟ್ಟಿದರೆ ಸಾಕು. ಅದನ್ನು ಗೋಳು ಹೊಯ್ದುಕೊಳ್ಳಬೇಡಿ.

ಜಗುಲಿಯ ಕೆಳಗಿನ ಗುಂಡಿ

ಶಾಲೆಯ ಸೂರಿನ ಕೆಳಗೆ, ಮಳೆ ಬೀಳದ ಕಡೆ, ಒಣ ನಯವಾದ ಮಣ್ಣಿನಲ್ಲಿ ಆಲಿಕೆಯ ಆಕಾರದ ಪುಟ್ಟ ಪುಟ್ಟ ಗುಂಡಿಗಳನ್ನು ನೋಡಿದ್ದೀರಲ್ಲವೇ? ಅದರ ತಳದಲ್ಲಿ ಕುಳಿತಿರುವ ಹುಳುವಿಗೆ ಪುಸ್ತಕದಲ್ಲಿ ಇರುವೆ ಸಿಂಹ ಎಂಬ ಹೆಸರಿದೆ. ಒಂದೊಂದು ಊರಿನ ಮಕ್ಕಳು ಒಂದೊಂದು ಹೆಸರಿನಿಂದ ಕರೆಯುತ್ತಾರೆ. ನಿಮ್ಮೂರಿನ ಹೆಸರನ್ನು ಬರೆದಿಡಿ.

ಇರುವೆ ಆ ಗುಂಡಿಯ ಅಂಚಿಗೆ ಕಾಲಿಟ್ಟರೆ ಮಣ್ಣು ಜಾರುತ್ತದೆ. ಹುಳು ಕೆಳಗಿನಿಂದ ತಲೆ ಕೊಡವಿ ಮಣ್ಣನ್ನು ಮೇಲಕ್ಕೆ ಎಸೆಯುತ್ತದೆ. ಇರುವೆ ಇನ್ನಷ್ಟು ಜಾರಿ ದವಡೆಗೆ ಸಿಕ್ಕಿಬೀಳುತ್ತದೆ. ಈಗ ಪ್ರಶ್ನೆ. ಇರುವೆ ಬಂದದ್ದು ಹುಳುವಿಗೆ ಗೊತ್ತಾಗುವುದು ಹೇಗೆ? ಕಣ್ಣಿನಿಂದಲೋ, ಮಣ್ಣಿನ ಅಲುಗಾಟದಿಂದಲೋ?

ಮಾಡಿ ನೋಡಿ: ಪೊರಕೆ ಕಡ್ಡಿಯನ್ನು ಗುಂಡಿಯ ಮೇಲೆ, ಮಣ್ಣಿಗೆ ತಾಗದಂತೆ, ಅತ್ತಿತ್ತ ಆಡಿಸಿ. ಏನಾಯಿತು ಬರೆಯಿರಿ. ಆಮೇಲೆ ಅದೇ ಕಡ್ಡಿಯಿಂದ ಅಂಚಿನ ನಾಲ್ಕಾರು ಮಣ್ಣಿನ ಕಣಗಳನ್ನು ಒಳಗೆ ಬೀಳಿಸಿ. ಏನಾಯಿತು ಬರೆಯಿರಿ. ಹತ್ತು ಗುಂಡಿಗಳಲ್ಲಿ ಹೀಗೆ ಮಾಡಿ. ಕಣ ಬಿದ್ದಾಗ ಹುಳು ಮಣ್ಣೆಸೆಯುವುದನ್ನು ನೀವು ಕಾಣುವಿರಿ. ಇರುವೆ ಇಲ್ಲದಿದ್ದರೂ ಎಸೆಯುತ್ತದೆ! ಏಕೆಂದರೆ ಅದು ಇರುವೆಗೆ ಉತ್ತರ ಕೊಡುತ್ತಿಲ್ಲ. ಅಲುಗಾಟಕ್ಕೆ ಉತ್ತರ ಕೊಡುತ್ತಿದೆ.

ಒಂದು ಹುಳುವನ್ನು ಚಮಚದಿಂದ ಮಣ್ಣಿನ ಸಮೇತ ಎತ್ತಿ ತಟ್ಟೆಯಲ್ಲಿ ಹಾಕಿ. ಮೊದಲು ಸತ್ತಂತೆ ಬಿದ್ದಿರುತ್ತದೆ. ಇದೂ ಒಂದು ಪ್ರತಿಕ್ರಿಯೆಯೇ. ಆಮೇಲೆ ಹಿಂದು ಹಿಂದಕ್ಕೆ ನಡೆಯುತ್ತ ಮಣ್ಣಿನಲ್ಲಿ ಮರೆಯಾಗುತ್ತದೆ. ತಟ್ಟೆಯಲ್ಲಿ ಎರಡು ಬೆರಳು ಆಳದಷ್ಟು ನಯವಾದ ಒಣ ಮಣ್ಣಿದ್ದರೆ ಮರುದಿನದ ಹೊತ್ತಿಗೆ ಹೊಸ ಗುಂಡಿ ಸಿದ್ಧವಾಗಿರಬಹುದು. ಇಷ್ಟು ಚೆನ್ನಾಗಿ ಗುಂಡಿ ತೋಡುವ ಈ ಹುಳು ಮುಂದೆ ರೆಕ್ಕೆ ಬಂದು, ನೋಡಲು ಏರೋಪ್ಲೇನ್ ಚಿಟ್ಟೆಯಂತಾಗಿ ಹಾರಿಹೋಗುತ್ತದೆ. ಆಮೇಲೆ ಎಂದೂ ಗುಂಡಿ ತೋಡುವುದಿಲ್ಲ. ನೋಡಿದ ಮೇಲೆ ಹುಳುವನ್ನು ಅದರ ಜಾಗದಲ್ಲೇ ಬಿಡಿ.

ನಿಯಮ ತಪ್ಪಿದರೆ?

ಹುಟ್ಟರಿವು ಎಷ್ಟು ಕರಾರುವಾಕ್ಕೋ ಅಷ್ಟೇ ಕುರುಡು. ಇದನ್ನು ಮೊದಲು ಚೆನ್ನಾಗಿ ತೋರಿಸಿದವರಲ್ಲಿ ಫ್ರಾನ್ಸ್ ದೇಶದ ಜಾನ್ ಹೆನ್ರಿ ಫಾಬ್ರ್ ಒಬ್ಬರು. ಅವರೂ ಶಾಲಾ ಮೇಷ್ಟ್ರಾಗಿದ್ದವರು. ದೊಡ್ಡ ಪ್ರಯೋಗಶಾಲೆ ಇರಲಿಲ್ಲ. ತಮ್ಮ ಮನೆಯ ಹಿತ್ತಲಲ್ಲೇ ಹುಳುಗಳನ್ನು ನೋಡುತ್ತ ಬದುಕು ಕಳೆದರು.

ಅಲ್ಲಿನ ಪೈನ್ ಮರಗಳಲ್ಲಿ ಒಂದರ ಹಿಂದೆ ಒಂದು ಸಾಲಾಗಿ ನಡೆಯುವ ಕಂಬಳಿಹುಳುಗಳಿವೆ. ಮುಂದಿನ ಹುಳು ನಡೆಯುತ್ತ ರೇಷ್ಮೆಯ ಸಣ್ಣ ಎಳೆ ಬಿಡುತ್ತದೆ. ಹಿಂದಿನದು ಆ ಎಳೆ ಹಿಡಿದು ನಡೆಯುತ್ತದೆ. 1896ರಲ್ಲಿ ಇಂಥ ಒಂದು ಸಾಲು ದೊಡ್ಡ ಹೂಕುಂಡದ ಅಂಚನ್ನು ಹತ್ತಿತು. ಸಾಲಿನ ಮುಂದಿನ ಹುಳು ಸುತ್ತು ಹಾಕಿ ಕೊನೆಯ ಹುಳುವಿನ ಹಿಂದೆ ಬಂದು ಸೇರಿತು. ಈಗ ಮುಂದಾಳು ಯಾರೂ ಇಲ್ಲ. ಎಲ್ಲರೂ ಹಿಂಬಾಲಕರೇ! ಕುಂಡದ ಅಂಚಿನಲ್ಲಿ ಆ ಹುಳುಗಳು ಏಳು ದಿನ ಸುತ್ತಿದವು. ಮೇವು ಹತ್ತಿರದಲ್ಲೇ ಇತ್ತು. ಹಸಿವು ಚಳಿಯಿಂದ ಸೋತು ಸಾಲು ಅಲ್ಲಲ್ಲಿ ಮುರಿದ ಮೇಲೆಯೇ ಅವು ಕೆಳಗಿಳಿದದ್ದು.

ಆ ಹುಳುಗಳು ದಡ್ಡವೇ? ಯೋಚಿಸಿ. ಮರದ ಮೇಲೆ "ಎಳೆ ಹಿಡಿದು ನಡೆ" ಎಂಬ ನಿಯಮ ಅವುಗಳನ್ನು ಮೇವಿಗೂ ಗೂಡಿಗೂ ಸರಿಯಾಗಿ ಮುಟ್ಟಿಸುತ್ತದೆ. ಮರದಲ್ಲಿ ದುಂಡನೆಯ ಅಂಚು ಎಲ್ಲಿದೆ? ನಿಯಮ ಹುಟ್ಟಿದ್ದು ಮರದಲ್ಲಿ. ಕುಂಡ ಮಾಡಿದ್ದು ಮನುಷ್ಯ. ಈ ಮಾತನ್ನು ನೆನಪಿಡಿ. ದೀಪದ ಹತ್ತಿರ ಹೋದಾಗ ಬೇಕಾಗುತ್ತದೆ.

ನಾನು ತಪ್ಪಿದ್ದು ಎಲ್ಲಿ?

ಅಕ್ಕಿಗೆ ಹುಳು ಬಿದ್ದರೆ ಅಜ್ಜಿ ಏನು ಮಾಡುತ್ತಾರೆ? ಬಿಸಿಲಿಗೆ ಹರಡುತ್ತಾರೆ. ಮೂತಿ ಉದ್ದದ ಸಣ್ಣ ಕಂದು ಹುಳುಗಳು ಅಕ್ಕಿ ಬಿಟ್ಟು ಹೊರಡುತ್ತವೆ. ಇದನ್ನೇ ಒಮ್ಮೆ ತರಗತಿಯಲ್ಲಿ ಪ್ರಯೋಗ ಮಾಡಿಸಿದೆ. ಉದ್ದನೆಯ ರಟ್ಟಿನ ಡಬ್ಬಿ ತೆಗೆದುಕೊಂಡು ಅರ್ಧ ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿದೆವು. ಇನ್ನರ್ಧ ತೆರೆದಿಟ್ಟೆವು. ನಡುವೆ ಇಪ್ಪತ್ತು ಹುಳು ಬಿಟ್ಟು ಕಿಟಕಿಯ ಬಿಸಿಲಿನಲ್ಲಿ ಇಟ್ಟೆವು. ಹುಳುಗಳು ಕತ್ತಲ ಕಡೆಗೆ ಸರಿದವು. ನಾನು ಕಪ್ಪು ಹಲಗೆಯ ಮೇಲೆ ಬರೆದೆ: "ಅಕ್ಕಿಹುಳು ಬೆಳಕಿಗೆ ಹೆದರುತ್ತದೆ."

ಆಗ ಅದೇ ಹುಡುಗಿ ಡಬ್ಬಿಯ ತೆರೆದ ಭಾಗಕ್ಕೆ ಬೆರಳಿಟ್ಟು ಹೇಳಿದಳು: "ಸಾರ್, ಇಲ್ಲಿ ಸುಡ್ತಾ ಇದೆ."

ತರಗತಿ ಸುಮ್ಮನಾಯಿತು. ಅವಳ ಮಾತು ಸರಿ. ತೆರೆದ ಭಾಗದಲ್ಲಿ ಬೆಳಕೂ ಇತ್ತು, ಬಿಸಿಯೂ ಇತ್ತು. ಹುಳು ಯಾವುದಕ್ಕೆ ಓಡಿತು? ನಮ್ಮ ಪ್ರಯೋಗದಿಂದ ಹೇಳಲು ಸಾಧ್ಯವೇ ಇರಲಿಲ್ಲ. ನಾನು ಬರೆದ ಸಾಲನ್ನು ನಾನೇ ಒರೆಸಿದೆ. ವಿಜ್ಞಾನ ಪಾಠದಲ್ಲಿ ಡಸ್ಟರ್ ಹಿಡಿಯುವುದು ಅವಮಾನವಲ್ಲ ಎಂದು ಮಕ್ಕಳಿಗೆ ಹೇಳಿದೆ. ಆದರೆ ನಿಜ ಹೇಳಬೇಕೆಂದರೆ ಆ ದಿನ ಕಿವಿ ಬೆಚ್ಚಗಾಗಿತ್ತು.

ಮತ್ತೆ ಮಾಡಿದಾಗ ಡಬ್ಬಿಯನ್ನು ನೆರಳಿನಲ್ಲಿ, ಎರಡೂ ಕಡೆ ಒಂದೇ ತಂಪಿರುವಂತೆ ಇಟ್ಟೆವು. ಈ ಸಲ ಹುಳುಗಳು ಮೊದಲಿನಂತೆ ಒಟ್ಟಾಗಿ ಒಂದೇ ಕಡೆ ಓಡಲಿಲ್ಲ. ಕೆಲವು ಸತ್ತಂತೆ ಕಾಲು ಮಡಿಸಿ ಬಿದ್ದಿದ್ದವು. ಕೆಲವು ಅಂಚು ಹಿಡಿದು ಸುತ್ತಿದವು. ಇನ್ನು ಕೆಲವು ಗೋಡೆ ಹತ್ತಿದವು. ಮೊದಲ ಸಲ ಕಂಡ ಓಟದಲ್ಲಿ ಬಿಸಿಯ ಪಾಲು ದೊಡ್ಡದಿತ್ತು ಎಂದು ಆಗ ತಿಳಿಯಿತು.

ನೀವು ಮಾಡುವಾಗ ಈ ನಾಲ್ಕು ಮಾತು ನೆನಪಿಡಿ.

1. ಒಂದು ಸಲಕ್ಕೆ ಒಂದೇ ಪ್ರಚೋದನೆ ಬದಲಿಸಿ. ಬೆಳಕು ನೋಡುವುದಾದರೆ ಬಿಸಿ, ತೇವ, ವಾಸನೆ ಎರಡೂ ಕಡೆ ಒಂದೇ ಇರಲಿ.
2. ಕಾಗದ ಮುಚ್ಚದೆ, ಎರಡೂ ಕಡೆ ತೆರೆದಿಟ್ಟು ಒಮ್ಮೆ ಎಣಿಸಿ. ಆಗಲೂ ಹುಳುಗಳು ಒಂದೇ ಕಡೆ ಸೇರಿದರೆ ಕಾರಣ ಬೆಳಕಲ್ಲ. ಡಬ್ಬಿ ವಾಲಿರಬಹುದು.
3. ಡಬ್ಬಿಯನ್ನು ತಿರುಗಿಸಿಟ್ಟು, ಹೊಸ ಹುಳುಗಳನ್ನು ಬಿಟ್ಟು ಐದು ಸಲವಾದರೂ ಮಾಡಿ. ಪ್ರತಿ ಸಲ ಹತ್ತು ನಿಮಿಷ ಬಿಟ್ಟು ಎಣಿಸಿ.
4. ಕತ್ತಲಲ್ಲಿ ಎಷ್ಟು, ಬೆಳಕಿನಲ್ಲಿ ಎಷ್ಟು, ನಡುವೆ ಎಷ್ಟು ಎಂದು ಮೂರು ಕಂಬ ಮಾಡಿ ಬರೆಯಿರಿ. ನಿಮಗೆ ಬೇಕಾದ ಉತ್ತರ ಬರದಿದ್ದರೂ ಬಂದದ್ದನ್ನೇ ಬರೆಯಿರಿ.

ತೊಟ್ಟಿಯ ನೀರಿನಲ್ಲಿ ನೆರಳು

ಇನ್ನೊಂದು ಸುಲಭದ ಪ್ರಯೋಗ. ನಿಂತ ನೀರಿನಲ್ಲಿ ಸೊಳ್ಳೆಯ ಮರಿಗಳು ತೂಗುಬಿದ್ದಿರುತ್ತವೆ. ಅಂಥ ನೀರನ್ನು ಗಾಜಿನ ಲೋಟಕ್ಕೆ ಹಾಕಿ, ಮರಿಗಳು ಮೇಲೆ ಬಂದು ಉಸಿರಾಡುವವರೆಗೆ ಕಾಯಿರಿ. ಲೋಟ ಮುಟ್ಟದೆ, ಮೇಲಿನಿಂದ ಕೈಯ ನೆರಳು ಹಾಯಿಸಿ. ಮರಿಗಳು ತಟಕ್ಕನೆ ಮೈ ಬಳುಕಿಸಿ ತಳಕ್ಕೆ ಇಳಿಯುತ್ತವೆ. ನೆರಳು ಎಂದರೆ ಅವುಗಳ ಪಾಲಿಗೆ ಶತ್ರು. ಮತ್ತೆ ಮೇಲೆ ಬಂದಾಗ ಮತ್ತೆ ನೆರಳು ಹಾಯಿಸಿ. ಹೀಗೆ ಹತ್ತಾರು ಸಲ ಬೇಗ ಬೇಗ ಮಾಡಿದರೆ ಕ್ರಮೇಣ ಇಳಿಯುವ ಮರಿಗಳ ಸಂಖ್ಯೆ ಕಡಿಮೆಯಾಗುತ್ತದೆ. ಪದೇ ಪದೇ ಬಂದು ಏನೂ ಮಾಡದ ನೆರಳಿಗೆ ಅವು ಒಗ್ಗಿಕೊಳ್ಳುತ್ತವೆ. ಅಂದರೆ ಹುಟ್ಟರಿವಿನ ಮೇಲೂ ಅನುಭವ ಸ್ವಲ್ಪ ಕೆಲಸ ಮಾಡುತ್ತದೆ. ಹುಳು ಬರಿಯ ಯಂತ್ರವಲ್ಲ.

ಪ್ರಯೋಗ ಮುಗಿದ ಮೇಲೆ ಆ ನೀರನ್ನು ಚರಂಡಿಗೆ ಚೆಲ್ಲಬೇಡಿ. ಬಿಸಿಲು ಬಿದ್ದ ಒಣ ನೆಲಕ್ಕೆ ಚೆಲ್ಲಿ. ಮರಿಗಳು ಸಿಕ್ಕ ತೊಟ್ಟಿಯನ್ನೂ ಖಾಲಿ ಮಾಡಿ ಉಜ್ಜಿ ಒಣಗಿಸಿ. ಡೆಂಗ್ಯೂ, ಚಿಕೂನ್‌ಗುನ್ಯಾ ತಡೆಯಲು ಇದೇ ಮೊದಲ ಹೆಜ್ಜೆ.

ಈಗ ದೀಪದ ಹತ್ತಿರ ಹೋಗೋಣ

ದೀಪಕ್ಕೆ ಹುಳು ಏಕೆ ಬರುತ್ತದೆ ಎಂಬುದಕ್ಕೆ ಹಿಂದಿನಿಂದ ಹಲವು ಉತ್ತರಗಳಿದ್ದವು. ಕವಿಗಳು ಪತಂಗಕ್ಕೆ ದೀಪದ ಮೇಲೆ ಮೋಹ ಎಂದರು. ಕೆಲವರು ಹುಳು ಬಿಸಿಗೆ ಬರುತ್ತದೆ ಎಂದರು. ಆದರೆ ಹೆಚ್ಚು ಬಿಸಿಯಾಗದ ಎಲ್‌ಇಡಿ ದೀಪಕ್ಕೂ ಹುಳು ಬರುತ್ತದಲ್ಲ! ಇನ್ನು ಕೆಲವರು ಹುಳುಗಳು ಚಂದ್ರನನ್ನು ಗುರುತಾಗಿ ಇಟ್ಟುಕೊಂಡು ಹಾರುತ್ತವೆ, ದೀಪವನ್ನೇ ಚಂದ್ರ ಎಂದುಕೊಂಡು ದಾರಿ ತಪ್ಪುತ್ತವೆ ಎಂದರು. ನಮ್ಮ ಪಠ್ಯ ಪೂರಕ ಪುಸ್ತಕಗಳಲ್ಲೂ ಬಹಳ ಕಾಲ ಈ ಚಂದ್ರನ ಕಥೆಯೇ ಇತ್ತು. ನಾನೂ ಹೇಳಿದ್ದೇನೆ.

2024ರ ಜನವರಿಯಲ್ಲಿ ನೇಚರ್ ಕಮ್ಯುನಿಕೇಷನ್ಸ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ಸಂಶೋಧನೆ ಪ್ರಕಟವಾಯಿತು. ವಿಜ್ಞಾನಿಗಳು ಬಹಳ ವೇಗದ ಕ್ಯಾಮೆರಾಗಳನ್ನು ದೀಪದ ಸುತ್ತ ಇಟ್ಟು, ಪ್ರಯೋಗಶಾಲೆಯಲ್ಲೂ ಕೋಸ್ಟರಿಕಾ ದೇಶದ ಕಾಡಿನಲ್ಲೂ ಹುಳುಗಳ ಹಾರಾಟ ಚಿತ್ರಿಸಿದರು. ನಿಧಾನ ಮಾಡಿ ನೋಡಿದಾಗ ಒಂದು ಅಚ್ಚರಿ ಕಂಡಿತು. ಹುಳುಗಳು ದೀಪದ ಕಡೆಗೆ ತಲೆ ಮಾಡಿ ಹಾರುತ್ತಿರಲಿಲ್ಲ. ದೀಪದ ಕಡೆಗೆ ಬೆನ್ನು ಮಾಡಿ ಹಾರುತ್ತಿದ್ದವು!

ಇದರ ಅರ್ಥವೇನು? ಹಾರುವ ಹುಳುವಿಗೆ ಒಂದು ದೊಡ್ಡ ಕಷ್ಟವಿದೆ. ಯಾವುದು ಮೇಲು, ಯಾವುದು ಕೆಳಗು ಎಂದು ತಿಳಿಯಬೇಕು. ಗಾಳಿಯಲ್ಲಿ ಗಿರಗಿರನೆ ತಿರುಗುತ್ತ ಹಾರುವ ಸಣ್ಣ ಜೀವಿಗೆ ಭೂಮಿಯ ಸೆಳೆತದಿಂದ ಇದನ್ನು ತಿಳಿಯುವುದು ಸುಲಭವಲ್ಲ. ಅದಕ್ಕಾಗಿ ಹುಳುಗಳಲ್ಲಿ ಒಂದು ಹುಟ್ಟು ನಿಯಮವಿದೆ: ಬೆಳಕು ಹೆಚ್ಚಿರುವ ಕಡೆಗೆ ಬೆನ್ನು ಮಾಡು. ಹಗಲಾಗಲಿ ರಾತ್ರಿಯಾಗಲಿ, ಬಯಲಿನಲ್ಲಿ ನೆಲಕ್ಕಿಂತ ಆಕಾಶ ಹೆಚ್ಚು ಬೆಳಕಾಗಿರುತ್ತದೆ. ಅಮಾವಾಸ್ಯೆಯ ರಾತ್ರಿಯಲ್ಲೂ ಹಾಗೆಯೇ. ಬೆನ್ನು ಆಕಾಶಕ್ಕೆ ಇದ್ದರೆ ಹೊಟ್ಟೆ ನೆಲಕ್ಕೆ ಇರುತ್ತದೆ. ಹಾರಾಟ ಸರಿಯಾಗಿರುತ್ತದೆ. ಕೋಟ್ಯಂತರ ವರ್ಷ ಈ ನಿಯಮ ಹುಳುಗಳನ್ನು ಕಾಪಾಡಿದೆ.

ಈಗ ಕತ್ತಲಲ್ಲಿ ಒಂದು ಬಲ್ಬು ಹಚ್ಚಿ. ಪಕ್ಕದಲ್ಲಿ ಹಾದುಹೋಗುವ ಹುಳು ಬಲ್ಬಿನ ಕಡೆಗೆ ಬೆನ್ನು ವಾಲಿಸುತ್ತದೆ. ವಾಲಿದಾಗ ದಾರಿ ಬಲ್ಬಿನ ಕಡೆಗೆ ಬಾಗುತ್ತದೆ. ಬಾಗಿದ ಮೇಲೆ ಮತ್ತೆ ಬೆನ್ನು ವಾಲಿಸಬೇಕು. ಹೀಗೆ ಬಲ್ಬಿನ ಸುತ್ತ ಸುತ್ತತೊಡಗುತ್ತದೆ. ಬಲ್ಬಿನ ಕೆಳಗೆ ಬಂದ ಹುಳು ಬೆನ್ನು ಮೇಲಕ್ಕೆ ಬಾಗಿಸಿ ಏರುತ್ತ ಏರುತ್ತ ವೇಗ ಕಳೆದುಕೊಳ್ಳುತ್ತದೆ. ಬಲ್ಬಿನ ಮೇಲೆ ಬಂದ ಹುಳು ಪೂರ್ತಿ ತಲೆಕೆಳಗಾಗಿ ಬಿದ್ದುಬಿಡುತ್ತದೆ. ಇದನ್ನು ಪರೀಕ್ಷಿಸಲು ಅವರು ಬೆಳಕು ನೆಲದ ಕಡೆಯಿಂದ ಬರುವಂತೆ ಮಾಡಿದರು. ಹುಳುಗಳು ಅಂಗಾತವಾಗಿ ನೆಲಕ್ಕೆ ಬಿದ್ದವು. ಬೆಳಕನ್ನು ಮೇಲೆ ಚಪ್ಪರದಂತೆ ಹರಡಿದಾಗ ಅದೇ ಹುಳುಗಳು ಅದರ ಕೆಳಗೆ ನೆಟ್ಟಗೆ ಹಾರಿಹೋದವು.

ಎಲ್ಲ ಹುಳುಗಳೂ ಹೀಗೆ ಸಿಕ್ಕಿಬೀಳಲಿಲ್ಲ ಎನ್ನುವುದನ್ನೂ ಹೇಳಬೇಕು. ಕಣಗಿಲೆ ಗಿಡದಲ್ಲಿ ಬೆಳೆಯುವ ಹಸಿರು ಬಣ್ಣದ ದೊಡ್ಡ ಪತಂಗ ಮತ್ತು ಹಣ್ಣಿನ ಸಣ್ಣ ನೊಣ ದೀಪದ ಮೇಲೆ ಹಾರಿಯೂ ತಲೆಕೆಳಗಾಗಲಿಲ್ಲ. ಅಲ್ಲದೆ ಈ ಸಂಶೋಧನೆ ದೀಪದ ಹತ್ತಿರ ನಡೆಯುವುದನ್ನು ವಿವರಿಸುತ್ತದೆ. ಬಹಳ ದೂರದ ಹುಳುಗಳ ಮೇಲೆ ದೀಪದ ಪರಿಣಾಮವೇನು ಎಂಬುದು ಬೇರೆಯದೇ ಪ್ರಶ್ನೆ.

ಕುಂಡದ ಅಂಚು ನೆನಪಾಯಿತೇ? ಇಲ್ಲಿಯೂ ಅದೇ ಕಥೆ. ನಿಯಮ ಹುಟ್ಟಿದ್ದು ಆಕಾಶದ ಕೆಳಗೆ. ಬಲ್ಬು ಮಾಡಿದ್ದು ಮನುಷ್ಯ.

ಹುಳುವಿನ ನಿಯಮ, ರೈತನ ಲಾಭ

ಹುಳುವಿನ ನಿಯಮ ಗೊತ್ತಾದರೆ ಬೆಳೆ ಉಳಿಸಿಕೊಳ್ಳಬಹುದು. ನಮ್ಮ ತಾಲ್ಲೂಕಿನ ತೆಂಗಿನ ತೋಟಗಳಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ಕಾಣುವ ಗರಿಗಳನ್ನು ನೋಡಿದ್ದೀರಾ? ಅದು ಮೂಗಿನ ಮೇಲೆ ಕೊಂಬಿರುವ ದೊಡ್ಡ ಕಪ್ಪು ದುಂಬಿಯ ಕೆಲಸ. ಬಿಚ್ಚದ ಸುಳಿಯನ್ನು ಅದು ಕೊರೆಯುತ್ತದೆ. ಅದರ ಮರಿ ತಿಪ್ಪೆಗುಂಡಿಯಲ್ಲಿ ಬೆಳೆಯುತ್ತದೆ. ಈ ದುಂಬಿಯ ಗಂಡು ಒಂದು ವಾಸನೆ ಬಿಡುತ್ತದೆ. ಆ ವಾಸನೆಗೆ ಗಂಡು ಹೆಣ್ಣು ಎರಡೂ ಬಂದು ಸೇರುತ್ತವೆ. ಒಂದು ಜೀವಿ ತನ್ನ ಜಾತಿಯವುಗಳಿಗೆ ಹೀಗೆ ವಾಸನೆಯಿಂದ ಕಳಿಸುವ ಸಂದೇಶಕ್ಕೆ ಫೆರೊಮೋನ್ ಎಂದು ಹೆಸರು. ಮೊಟ್ಟಮೊದಲು 1959ರಲ್ಲಿ ಜರ್ಮನಿಯ ಬ್ಯೂಟೆನಂಟ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಹೆಣ್ಣು ರೇಷ್ಮೆ ಪತಂಗದಿಂದ ಇಂಥ ವಸ್ತುವನ್ನು ಬೇರ್ಪಡಿಸಿದರು. ಅದಕ್ಕೆ ಸುಮಾರು ಐದು ಲಕ್ಷ ಪತಂಗಗಳು ಬೇಕಾದವು!

ದುಂಬಿಯ ವಾಸನೆಯನ್ನು ಈಗ ಕಾರ್ಖಾನೆಯಲ್ಲಿ ತಯಾರಿಸಿ, ಸಣ್ಣ ಪೊಟ್ಟಣದಲ್ಲಿ ತುಂಬಿ, ಬಕೆಟ್ಟಿನಲ್ಲಿ ತೂಗುಹಾಕುತ್ತಾರೆ. ಬಂದ ದುಂಬಿಗಳು ಬಕೆಟ್ಟಿಗೆ ಬೀಳುತ್ತವೆ. ಇದೇ ಮೋಹಕ ಬಲೆ. ತೆಂಗಿನ ಕಾಂಡ ಕೊರೆಯುವ ಕೆಂಪು ಮೂತಿ ಹುಳುವಿಗೂ ಇಂಥದೇ ಬಲೆಯಿದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ಕೀಟಗಳ ಬಗ್ಗೆ ರೈತರಿಗೆ ಇಂಥ ವಿಧಾನಗಳನ್ನು ತಿಳಿಸುತ್ತ ಬಂದಿದೆ. ಆದರೆ ಒಂದು ಎಚ್ಚರಿಕೆ. ಒಬ್ಬರೇ ಬಲೆ ಕಟ್ಟಿ ಮರೆತುಬಿಟ್ಟರೆ ಸುತ್ತಲಿನ ದುಂಬಿಗಳನ್ನು ತಮ್ಮ ತೋಟಕ್ಕೆ ಕರೆದಂತಾಗುತ್ತದೆ. ಊರಿನವರೆಲ್ಲ ಸೇರಿ ಕಟ್ಟಬೇಕು. ತಿಪ್ಪೆಯಲ್ಲಿನ ಮರಿಗಳನ್ನೂ ಆರಿಸಬೇಕು.

ನಮ್ಮದೇ ಜಿಲ್ಲೆಯ ಮಲೆನಾಡಿನ ಕಡೆ ಅರೇಬಿಕಾ ಕಾಫಿಗೆ ಬಿಳಿ ಕಾಂಡಕೊರಕ ಎಂಬ ಶತ್ರುವಿದೆ. ಇದರ ದುಂಬಿಗೆ ಬಿಸಿಲು ಇಷ್ಟ. ಬಿಸಿಲು ಬೀಳುವ ಕಾಂಡದ ಬಿರುಕುಗಳಲ್ಲಿ ಮೊಟ್ಟೆ ಇಡುತ್ತದೆ. ಹಾಗಾಗಿ ಕಾಫಿ ಬೆಳೆಗಾರರು ನೆರಳಿನ ಮರಗಳನ್ನು ಕಾಪಾಡುತ್ತಾರೆ. ನೆರಳೇ ಔಷಧಿ! ಈ ಕೀಟದಲ್ಲಿ ಗಂಡು ಬಿಡುವ ವಾಸನೆಗೆ ಹೆಣ್ಣು ಬರುತ್ತದೆ. ಇದರಿಂದಲೂ ಬಲೆ ಮಾಡಿದ್ದಾರೆ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರ ಈ ಕೀಟದ ಹತೋಟಿಗಾಗಿ ಬಹುಕಾಲದಿಂದ ದುಡಿಯುತ್ತಿದೆ.

ಕಿಟಕಿಯ ಕಡಜ, ಟ್ಯಾಂಕಿನ ಹೆಜ್ಜೇನು

ಇಂಥ ಅಧ್ಯಯನಕ್ಕೆ ದುಬಾರಿ ಯಂತ್ರ ಬೇಕೇ ಬೇಕೆಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಘವೇಂದ್ರ ಗದಗ್‌ಕರ್ ಅವರು ಸೆಂಟ್ರಲ್ ಕಾಲೇಜಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅಲ್ಲಿನ ಕಿಟಕಿಗಳಲ್ಲಿ ಗೂಡು ಕಟ್ಟಿದ್ದ ಕಡಜಗಳನ್ನು ನೋಡುತ್ತಿದ್ದರು. ಮುಂದೆ ಅದೇ ಕಡಜವನ್ನು ದಶಕಗಳ ಕಾಲ ಅಧ್ಯಯನ ಮಾಡಿ ಜಗತ್ತಿಗೆ ಪರಿಚಯಿಸಿದರು. ಆ ಕಡಜದ ರಾಣಿ ಸೌಮ್ಯ. ಯಾರೊಡನೆಯೂ ಜಗಳವಿಲ್ಲ. ಆದರೆ ರಾಣಿಯನ್ನು ಗೂಡಿನಿಂದ ತೆಗೆದರೆ ಕೆಲವೇ ನಿಮಿಷಗಳಲ್ಲಿ ಕೆಲಸಗಾರ ಕಡಜವೊಂದು ಬಹಳ ಜಗಳಗಂಟಿಯಾಗುತ್ತದೆ. ಅದೇ ಮುಂದಿನ ರಾಣಿ. ರಾಣಿಯ ಮೈಯಿಂದ ಗೂಡಿಗೆ ಹತ್ತುವ ವಾಸನೆಯೇ "ನಾನಿದ್ದೇನೆ" ಎಂದು ಉಳಿದವಕ್ಕೆ ತಿಳಿಸುತ್ತದೆ ಎಂದು ಅವರ ತಂಡ ಕಂಡುಕೊಂಡಿತು. ಸ್ವಲ್ಪ ಖರ್ಚಿನಲ್ಲಿ ಮಾಡಬಹುದಾದ ಪ್ರಾಣಿ ವರ್ತನೆಯ ಪ್ರಯೋಗಗಳನ್ನು ಕುರಿತೇ ಅವರು 2021ರಲ್ಲಿ ಒಂದು ಪುಸ್ತಕ ಹೊರತಂದರು.

ಊರಿನ ನೀರಿನ ಟ್ಯಾಂಕಿನಲ್ಲೋ ಆಲದ ಮರದಲ್ಲೋ ಹೆಜ್ಜೇನಿನ ತಟ್ಟಿ ಇದ್ದರೆ ದೂರದಿಂದ ನೋಡಿ. ಆಗಾಗ ತಟ್ಟಿಯ ಮೇಲೆ ಅಲೆಯೊಂದು ಹಾದುಹೋದಂತೆ ಕಾಣುತ್ತದೆ. ದೊಡ್ಡ ಕಡಜ ಹತ್ತಿರ ಬಂದಾಗ ಜೇನುಗಳು ಒಂದರ ನಂತರ ಒಂದು ಬಾಲದ ತುದಿ ಎತ್ತಿ ಈ ಅಲೆ ಎಬ್ಬಿಸುತ್ತವೆ. ಕಡಜ ಹೆದರಿ ಹಿಂದಿರುಗುತ್ತದೆ. ತಿರುವನಂತಪುರದ ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೆಳಕಾದ ಹಿನ್ನೆಲೆಯ ಮುಂದೆ ಕಪ್ಪು ಬಿಲ್ಲೆ ಆಡಿಸಿದಾಗ ಜೇನುಗಳು ಅಲೆ ಎಬ್ಬಿಸಿದವು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಬಿಲ್ಲೆ ಆಡಿಸಿದಾಗ ಎಬ್ಬಿಸಲಿಲ್ಲ. ಆಕಾಶದ ಎದುರು ಕಪ್ಪಾಗಿ ಕಾಣುವ ಶತ್ರುವೇ ಅವುಗಳ ನಿಯಮದಲ್ಲಿ ಇರುವುದು.

ಆದರೆ ಮಕ್ಕಳೇ, ಈ ಪ್ರಯೋಗ ನಿಮಗಲ್ಲ. ಹೆಜ್ಜೇನಿಗೆ ಕಲ್ಲೆಸೆಯುವುದು, ಹೊಗೆ ಹಾಕುವುದು ಖಂಡಿತ ಬೇಡ. ನೂರಾರು ಜೇನು ಒಟ್ಟಿಗೆ ಕಡಿದರೆ ಜೀವಕ್ಕೇ ಅಪಾಯ.

ಆ ಹುಡುಗಿಗೆ ಉತ್ತರ

ಈಗ ಮೊದಲ ಪ್ರಶ್ನೆಗೆ ಬರೋಣ. "ಸಾಯ್ತೀವಿ ಅಂತ ಹುಳಕ್ಕೆ ಗೊತ್ತಾಗಲ್ವಾ?" ಇಲ್ಲ ಮಗಳೇ, ಗೊತ್ತಾಗುವುದಿಲ್ಲ. ಅದು ಸಾಯಲು ಬರುತ್ತಿಲ್ಲ. ದೀಪದ ಮೇಲಿನ ಆಸೆಯಿಂದ ಸುತ್ತುತ್ತಲೂ ಇಲ್ಲ. ನೆಟ್ಟಗೆ ಹಾರಲು ಪ್ರಯತ್ನಿಸುತ್ತಿದೆ. ತನ್ನ ಜಾತಿಯನ್ನು ಇಷ್ಟು ಕಾಲ ಉಳಿಸಿದ ನಿಯಮವನ್ನೇ ಪಾಲಿಸುತ್ತಿದೆ. ಮುಂದಿನದು ಸತ್ತಿದ್ದನ್ನು ನೋಡಿ ಹಿಂದಿನದು ಕಲಿಯುವಷ್ಟು ಬಿಡುವನ್ನು ಬಲ್ಬು ಕೊಡುವುದಿಲ್ಲ.

ಹಾಗಾದರೆ ನಿಯಮ ಬದಲಿಸಿಕೊಳ್ಳಬೇಕಾದವರು ಯಾರು? ಕಲಿಯಬಲ್ಲವರು. ಅಂದರೆ ನಾವು. ಬೇಡದ ದೀಪ ಆರಿಸಬಹುದು. ಬೀದಿ ದೀಪಕ್ಕೆ ಮೇಲುಗಡೆ ಮುಚ್ಚಳವಿದ್ದು ಬೆಳಕು ಮೇಲಕ್ಕೆ ಚೆಲ್ಲದಂತೆ ಮಾಡಬಹುದು. ನೀಲಿ ಮಿಶ್ರಿತ ಬಿಳಿ ಬೆಳಕಿಗಿಂತ ಹಳದಿ ಬೆಳಕಿಗೆ ಹುಳುಗಳು ಕಡಿಮೆ ಬರುತ್ತವೆ. ಕೆರೆ ಏರಿಯ ಮೇಲೆ, ತೋಟದ ಅಂಚಿನಲ್ಲಿ ದೀಪ ಹಾಕುವಾಗ ಇದನ್ನು ಯೋಚಿಸಬಹುದು. ಹೂವಿನ ಪರಾಗ ಸಾಗಿಸುವ, ಹಕ್ಕಿ ಬಾವಲಿಗಳಿಗೆ ಆಹಾರವಾಗುವ ಎಷ್ಟೋ ಹುಳುಗಳು ರಾತ್ರಿ ಹಾರುತ್ತವೆ.

ಆ ಹುಡುಗಿ ಈಗ ಪ್ರೌಢಶಾಲೆ ಮುಗಿಸಿರಬೇಕು. ಆಕೆಯ ಬೆರಳು ಡಬ್ಬಿಗೆ ತಾಗದಿದ್ದರೆ ತಪ್ಪು ಸಾಲೊಂದು ನಲವತ್ತು ನೋಟ್ ಪುಸ್ತಕಗಳಲ್ಲಿ ಉಳಿದುಬಿಡುತ್ತಿತ್ತು. ನಿಮ್ಮ ಮೇಷ್ಟ್ರು ಬರೆದದ್ದ‌ನ್ನೂ, ಈ ಲೇಖನದಲ್ಲಿ ಬರೆದದ್ದನ್ನೂ ಒಮ್ಮೆ ಬೆರಳಿಟ್ಟು ನೋಡಿ.

ಯೋಚಿಸಿ, ಮಾಡಿ

1. ಶಾಲೆಯ ಸೂರಿನ ಕೆಳಗಿನ ಗುಂಡಿಗಳನ್ನು ಮಳೆಗಾಲದಲ್ಲಿ ಮತ್ತು ಬೇಸಿಗೆಯಲ್ಲಿ ಎಣಿಸಿ. ವ್ಯತ್ಯಾಸವಿದೆಯೇ?
2. ಇರುವೆ ಸಾಲಿನ ದಾರಿಯನ್ನು ಒಂದು ಕಡೆ ಒದ್ದೆ ಬಟ್ಟೆಯಿಂದ ಒರೆಸಿ. ಇರುವೆಗಳು ಏನು ಮಾಡುತ್ತವೆ? ಅವು ಕಣ್ಣಿನಿಂದ ದಾರಿ ಹಿಡಿದಿದ್ದವೇ, ವಾಸನೆಯಿಂದಲೇ?
3. ಮನೆಯ ಹೊರಗಿನ ಹಳದಿ ದೀಪ ಮತ್ತು ಬಿಳಿ ದೀಪಕ್ಕೆ ಬರುವ ಹುಳುಗಳನ್ನು ಒಂದೇ ಹೊತ್ತಿನಲ್ಲಿ, ಹತ್ತು ನಿಮಿಷ ಎಣಿಸಿ. ಹೋಲಿಕೆ ಸರಿಯಾಗಿರಲು ಬೇರೆ ಏನೇನು ಒಂದೇ ಇರಬೇಕು?

ಶಿಕ್ಷಕ ಮಿತ್ರರಿಗೆ: ಉತ್ತರವನ್ನು ಮೊದಲೇ ಹೇಳಬೇಡಿ. ಮಕ್ಕಳ ಎಣಿಕೆ ಒಂದಕ್ಕೊಂದು ಹೊಂದದಿದ್ದರೆ ಅದನ್ನೇ ಚರ್ಚೆಗೆ ಇಡಿ. ಹುಳುಗಳನ್ನು ಕೈಯಿಂದ ಹಿಡಿಯದೆ ಕಾಗದ, ಚಮಚ ಬಳಸಲು ಹೇಳಿ. ಪ್ರಯೋಗದ ನಂತರ ಕೈ ತೊಳೆಸಿ.